ಲೈಟ್ ಹೊಡೆಯಿತು, ಫೋಟೊ ಮಾತ್ರ ಕಪ್ಪು

ಪ್ರಶ್ನೆ: ಸಣ್ಣ ಸ್ಟುಡಿಯೊ ನಡೆಸುತ್ತಿದ್ದೇನೆ. ರೇಡಿಯೊ ಟ್ರಿಗರ್ ಕೈಕೊಟ್ಟಿದ್ದರಿಂದ ಕ್ಯಾಮೆರಾದ ಪಾಪ್‌ಅಪ್ ಫ್ಲ್ಯಾಶ್‌ನಿಂದಲೇ ಎರಡು ಸ್ಟುಡಿಯೊ ಲೈಟ್‌ಗಳನ್ನು ಸ್ಲೇವ್ ಮೋಡ್‌ನಲ್ಲಿ ಹೊಡೆಸುತ್ತಿದ್ದೇನೆ. ಎರಡೂ ಹೊಡೆಯುವುದು ಕಣ್ಣಿಗೇ ಕಾಣುತ್ತದೆ. ಆದರೂ ಫೋಟೊ ಕಪ್ಪು. ಪವರ್ ಪೂರ್ತಿ ಏರಿಸಿದರೂ ಅಷ್ಟೆ. ಹೊಸ ಲೈಟ್ ಕೊಳ್ಳಲೇ?
– ಓದುಗರು, ತಿಪಟೂರು

ಉತ್ತರ: ದುಡ್ಡು ಜೇಬಿನಲ್ಲೇ ಇರಲಿ. ಲೈಟ್ ಚೆನ್ನಾಗಿಯೇ ಇದೆ, ಹೊಡೆಯುವ ಹೊತ್ತು ತಪ್ಪಿದೆ. ಪಾಪ್‌ಅಪ್ ಫ್ಲ್ಯಾಶ್ ಟಿಟಿಎಲ್‌ನಲ್ಲಿದ್ದರೆ ಒಂದು ಕ್ಲಿಕ್ಕಿಗೆ ಎರಡು ಸಲ ಮಿನುಗುತ್ತದೆ. ಮೊದಲನೆಯದು ಪ್ರೀ-ಫ್ಲ್ಯಾಶ್, ಬೆಳಕು ಎಷ್ಟು ಬೇಕೆಂದು ಕ್ಯಾಮೆರಾ ಅಳೆದುಕೊಳ್ಳಲು. ಎರಡರ ನಡುವಿನ ಅಂತರ ಎಷ್ಟು ಕಮ್ಮಿಯೆಂದರೆ ನಮ್ಮ ಕಣ್ಣಿಗೆ ಒಂದೇ ಮಿಂಚು. ಸ್ಲೇವ್ ಸೆನ್ಸರ್‌ಗೆ ಹಾಗಲ್ಲ. ಮೊದಲ ಮಿನುಗಿಗೇ ಅದು ಲೈಟನ್ನು ಹೊಡೆಸಿಬಿಡುತ್ತದೆ. ಆಮೇಲೆ ಶಟರ್ ತೆರೆಯುವ ವೇಳೆಗೆ ಲೈಟ್ ಖಾಲಿ, ಮತ್ತೆ ಚಾರ್ಜ್ ಆಗುತ್ತಿರುತ್ತದೆ. ಪವರ್ ಏರಿಸಿದಷ್ಟೂ ಬೆಳಕು ದಂಡವಾಗುವುದಷ್ಟೇ.

ನಿಮ್ಮದು ಡಿಎಸ್‌ಎಲ್‌ಆರ್ ಆದರೆ ಪರೀಕ್ಷೆ ಸುಲಭ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಕ್ಲಿಕ್ ಮಾಡಿ. ಫೋಟೊ ದಾಖಲಾಗುವ ಕ್ಷಣದಲ್ಲಿ ಒಳಗಿನ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕತ್ತಲಾಗಿರುತ್ತದೆ. ಹಾಗಾಗಿ ಅದರೊಳಗೆ ಗ್ರಾಹಕರ ಮುಖ ಝಗ್ಗನೆ ಬೆಳಗಿದ್ದು ಕಂಡಿತೆಂದರೆ ಆ ಬೆಳಕು ಫೋಟೊಗೆ ಬಿದ್ದಿಲ್ಲ!

ಪರಿಹಾರಕ್ಕೆ ಖರ್ಚಿಲ್ಲ. ಮೆನುವಿನಲ್ಲಿ ಪಾಪ್‌ಅಪ್ ಫ್ಲ್ಯಾಶನ್ನು ಮ್ಯಾನ್ಯುಯಲ್‌ಗೆ ಹಾಕಿ, ಪವರ್ 1/32ಕ್ಕೋ 1/64ಕ್ಕೋ ಇಳಿಸಿ. ರೆಡ್-ಐ ರಿಡಕ್ಷನ್ ಆಫ್ ಇರಲಿ, ಕಮಾಂಡರ್ ಮೋಡ್ ಕೂಡ ಬೇಡ. ಕೆಲವು ಲೈಟ್‌ಗಳಲ್ಲಿ ಪ್ರೀ-ಫ್ಲ್ಯಾಶನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸ್ಲೇವ್ ಮೋಡ್ (ಬಹುತೇಕ ಎಸ್2 ಎಂದಿರುತ್ತದೆ) ಉಂಟು, ಅದೂ ಆದೀತು. ಆದರೂ ಟ್ರಿಗರ್ ಬೇಗ ರಿಪೇರಿ ಮಾಡಿಸಿ. ಇಲ್ಲದಿದ್ದರೆ ಮದುವೆ ಮನೆಯಲ್ಲಿ ಪಕ್ಕದವರ ಫ್ಲ್ಯಾಶ್‌ಗೂ ನಿಮ್ಮ ಲೈಟ್ ಹೊಡೆಯುತ್ತಲೇ ಇರುತ್ತದೆ.

ಪ್ರಶ್ನೆ: ಒಬ್ಬರನ್ನು ತೆಗೆಯುವಾಗ ಎಫ್/8, ಐಎಸ್‌ಒ 100ರಲ್ಲಿ ಎಲ್ಲ ಸರಿ. ಕುಟುಂಬದ ಗ್ರೂಪ್ ಫೋಟೊಗೆಂದು ಸಾಫ್ಟ್‌ಬಾಕ್ಸನ್ನು ಒಂದೂವರೆ ಮೀಟರ್‌ನಿಂದ ಮೂರು ಮೀಟರ್‌ಗೆ ಸರಿಸಿದೆ. ತೀರಾ ಮಂಕು. ಶಟರ್ 1/125ರಿಂದ 1/60ಕ್ಕೆ ಇಳಿಸಿದರೂ ಬದಲಾವಣೆಯಿಲ್ಲ.
– ಓದುಗರು, ಶಿರಸಿ

ಉತ್ತರ: ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಸ್ಟಾಪ್ ನಷ್ಟ. ಶಟರ್ ನಿಧಾನ ಮಾಡಿ ಅದನ್ನು ತುಂಬಲಾಗದು. ಫ್ಲ್ಯಾಶ್ ಉರಿಯುವುದೇ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಬಾಗಿಲು ಎಷ್ಟು ಹೊತ್ತು ತೆರೆದಿಟ್ಟರೂ ಒಳಬರುವ ಮಿಂಚು ಅಷ್ಟೇ. ಶಟರ್‌ನಿಂದ ಹೆಚ್ಚುವುದು ಕೋಣೆಯ ಟ್ಯೂಬ್‌ಲೈಟ್ ಬೆಳಕು, ಅದು ನಮಗೆ ಬೇಡ.

ಲೈಟ್‌ನ ಪವರ್ ಏರಿಸಲು ಜಾಗವಿದ್ದರೆ ಮೊದಲು ಅದನ್ನೇ ಮಾಡಿ. ಇಲ್ಲವಾದರೆ ಐಎಸ್‌ಒ 400. ಎಫ್/4ಕ್ಕೆ ತೆರೆದರೂ ಲೆಕ್ಕ ಸರಿಹೋಗುತ್ತದೆ ನಿಜ, ಆದರೆ ಮುಂದೆ ಕೂತ ಅಜ್ಜಿ ಸ್ಪಷ್ಟವಾಗಿ, ಹಿಂದಿನ ಸಾಲಿನ ಅಳಿಯಂದಿರು ಮಸುಕಾಗಿ ಬಂದರೆ ಮಾತು ಕೇಳಬೇಕಾದವರು ನೀವು.

ಪ್ರಶ್ನೆ: ಫೋಟೊದ ಒಂದು ಅಂಚಿನಲ್ಲಿ ಮಾತ್ರ ಕಪ್ಪು ಪಟ್ಟಿ ಬರುತ್ತಿದೆ. ಶಟರ್ 1/320.
– ಓದುಗರು, ಗದಗ

ಉತ್ತರ: ಸಿಂಕ್ ಸ್ಪೀಡ್ ದಾಟಿದ್ದೀರಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಅದಕ್ಕಿಂತ ವೇಗವಾದರೆ ಮೊದಲ ಪರದೆ ಪೂರ್ತಿ ಸರಿಯುವ ಮೊದಲೇ ಎರಡನೆಯದು ಸೆನ್ಸರ್ ಮುಚ್ಚತೊಡಗುತ್ತದೆ. ಅಗ್ಗದ ಟ್ರಿಗರ್‌ಗಳು ತುಸು ತಡ ಬೇರೆ ಮಾಡುವುದರಿಂದ 1/160ಕ್ಕೆ ಇಟ್ಟುಕೊಳ್ಳಿ.