ಮಿಂಚಿನ ನೀರು ಮತ್ತು ಹಸಿರು ಪಾಚಿ



ತೊಟ್ಟಿಯ ಪಾಚಿ ಎಂದರೆ ನಮಗೆ ಹನಿ ನೀರಾವರಿಯ ಕೊಳವೆ ಕಟ್ಟುವ ಪೀಡೆ. ಆದರೆ ಅದನ್ನೇ ಬೆಳೆಯಾಗಿ ಬೆಳೆಸುವ ವಿದ್ಯೆಯೂ ಉಂಟು. ನಮ್ಮ ನೆರೆಯ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಜರ್ಮನಿಯ ಸಹಕಾರದೊಡನೆ ಸೆನೆಡೆಸ್ಮಸ್ ಎಂಬ ಹಸಿರು ಸೂಕ್ಷ್ಮಪಾಚಿಯನ್ನು ಬೆಳೆಸಿ, ಆಹಾರ ಹಾಗೂ ಮೇವಾಗಿ ಅದರ ಯೋಗ್ಯತೆಯನ್ನು ಪರೀಕ್ಷಿಸಿದರು. ಇಂಥ ಪಾಚಿಗೆ ಪ್ಲಾಸ್ಮಾ ಹಾಯಿಸಿದ ನೀರು ಒಳ್ಳೆಯದೇ ಎಂಬುದು ಈಚಿನ ಪ್ರಶ್ನೆ. ಯಂತ್ರಕ್ಕೆ ಹಣ ಹಾಕುವ ಮೊದಲು ಇದರ ಮರ್ಮ ತಿಳಿಯುವುದು ಲೇಸು.

ಪ್ಲಾಸ್ಮಾ ಎಂದರೇನು?

ಬಲವಾದ ವಿದ್ಯುತ್ತಿನಿಂದ ಗಾಳಿಯ ಕಣಗಳು ಒಡೆದು ಬೆಳಗುವ ಸ್ಥಿತಿಯೇ ಪ್ಲಾಸ್ಮಾ. ಮಿಂಚು ಇದಕ್ಕೆ ಉದಾಹರಣೆ. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಹಸಿರು ಪಾಚಿ ಅದನ್ನು ನೇರವಾಗಿ ಬಳಸಲಾರದು. ಮಿಂಚು ಅದನ್ನು ಆಮ್ಲಜನಕದೊಡನೆ ಕೂಡಿಸುತ್ತದೆ. ಅದು ಮಳೆನೀರಿನಲ್ಲಿ ಕರಗಿ ನೈಟ್ರೇಟ್ ಆಗುತ್ತದೆ. ಯಂತ್ರ ಮಾಡುವುದೂ ಇದನ್ನೇ. ನಾರ್ವೆಯಲ್ಲಿ 1905ರಲ್ಲೇ ಈ ತತ್ತ್ವದ ಮೇಲೆ ಗೊಬ್ಬರದ ಕಾರ್ಖಾನೆ ನಡೆಯಿತು. ವಿದ್ಯುತ್ ಖರ್ಚು ವಿಪರೀತವಾದ್ದರಿಂದ ಮುಂದೆ ಆ ಕ್ರಮವನ್ನು ಕೈಬಿಡಲಾಯಿತು.

ಗುಣ ಮತ್ತು ದೋಷ

ಈ ನೀರಿನಲ್ಲಿ ನೈಟ್ರೇಟ್ ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇರುತ್ತದೆ, ನೀರು ಹುಳಿಯಾಗಿರುತ್ತದೆ. ಮೊದಲನೆಯದು ಪಾಚಿಗೆ ಆಹಾರ; ಪೆರಾಕ್ಸೈಡ್ ಮತ್ತು ಹುಳಿ ಹೆಚ್ಚಾದರೆ ಪಾಚಿ ಸಾಯುತ್ತದೆ. ಸುಣ್ಣ ಸೇರಿಸದೆ ಬರೀ ಮೈಲುತುತ್ತವನ್ನು ಅಡಿಕೆಗೊನೆಗೆ ಸಿಂಪಡಿಸುತ್ತೇವೆಯೇ? ಇದೂ ಹಾಗೆಯೇ. ಕೆಲವು ದಿನ ಇಟ್ಟು, ಸಾದಾ ನೀರು ಬೆರೆಸಿ, ಹುಳಿ ತಗ್ಗಿಸಿಯೇ ಬಳಸತಕ್ಕದ್ದು. ಇಷ್ಟಾದರೂ ಸಾರಜನಕವೊಂದೇ ಸಾಲದು; ರಂಜಕ, ಬಿಸಿಲು, ಇಂಗಾಲಾಮ್ಲ ಇವೆಲ್ಲವೂ ಬೇಕು.

ಪರೀಕ್ಷಿಸುವ ಕ್ರಮ

ಮೂರು ಗಾಜಿನ ಜಾಡಿಗಳಿಗೆ ಒಂದೇ ಅಳತೆಯ ಬೋರ್‌ವೆಲ್ ನೀರು, ಬೀಜಪಾಚಿ ಮತ್ತು ರಂಜಕ ಹಾಕಿರಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಹತ್ತರಲ್ಲಿ ಒಂದು ಪಾಲು ಪ್ಲಾಸ್ಮಾ ನೀರು ಸೇರಿಸಿ. ಮೂರನೆಯದಕ್ಕೆ ಅಷ್ಟೇ ಸಾರಜನಕ ಸಿಗುವಂತೆ ನೈಟ್ರೇಟ್ ಗೊಬ್ಬರ ಹಾಕಿ. ಮೂರನ್ನೂ ಒಂದೇ ಬಿಸಿಲಿನಲ್ಲಿಟ್ಟು ದಿನವೂ ಕಲಕಿ. ಬೋರ್ಡೋ ದ್ರಾವಣದ ಪಾತ್ರೆ ಬೇಡ. ತಾಮ್ರದ ಅಂಶ ಪಾಚಿಗೆ ವಿಷ.

ಎರಡನೆಯದೂ ಮೂರನೆಯದೂ ಸಮನಾಗಿ ಹಸಿರಾದರೆ ಆ ಹಸಿರು ನೈಟ್ರೇಟಿನದು, ಯಂತ್ರದ್ದಲ್ಲ. ಮೊದಲನೆಯದೂ ಅಷ್ಟೇ ಹಸಿರಾದರೆ ನಿಮ್ಮ ಬೋರ್‌ವೆಲ್ ನೀರಿನಲ್ಲೇ ಸಾರಜನಕವಿದೆ ಎಂದರ್ಥ. ನೀರನ್ನು ಪರೀಕ್ಷೆಗೆ ಕಳಿಸಿ. ಎರಡನೆಯದು ಪದೇ ಪದೇ ಮುಂದಿದ್ದರೆ ಮಾತ್ರ ವಿದ್ಯುತ್ ಬಿಲ್ಲಿನ ಲೆಕ್ಕ ಹಾಕಿ, ಯಂತ್ರದ ಮಾತೆತ್ತಬಹುದು.

ಜಾಡಿಯ ಪಾಚಿಯನ್ನು ದನಕರುಗಳಿಗೆ ತಿನ್ನಿಸಬೇಡಿ. ಅದರಲ್ಲಿ ವಿಷಪಾಚಿಯೂ ಬೆರೆತಿರಬಹುದು.