ಕೊಡಗಿನಲ್ಲಿ ಸಮಪಾಲಿಗಾಗಿ ಹಣ ಎತ್ತುವವರಿಗೆ ಏಳು ಸೂತ್ರಗಳು

ಕಾಫಿ, ಕರಿಮೆಣಸಿನ ಈ ನಾಡಿನಲ್ಲಿ ಕೊಡುವ ಕೈಗೆ ಬರವಿಲ್ಲ. ಯರವ, ಪಣಿಯ, ಜೇನುಕುರುಬ ಹಾಡಿಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಸಂಸ್ಥೆ ಕಟ್ಟಿ, ಅದನ್ನೇ ವೃತ್ತಿ ಮಾಡಿಕೊಳ್ಳುವ ಆಸೆಯಿರುವವರಿಗೆ ಈ ಮಾತುಗಳು.

1. ಸಂಕೋಚ ಬಿಟ್ಟು ಕೇಳಿ.
ಗಾಂಧೀಜಿಯಷ್ಟು ನಿಸ್ಸಂಕೋಚವಾಗಿ ಚಂದಾ ಎತ್ತಿದವರು ಕಡಿಮೆ. 1933ರ ನವೆಂಬರಿನಲ್ಲಿ ಹರಿಜನ ನಿಧಿಗಾಗಿ ದೇಶ ಸುತ್ತಲು ಹೊರಟವರು 1934ರ ಫೆಬ್ರುವರಿಯಲ್ಲಿ ಕೊಡಗಿಗೆ ಬಂದರು. ಅವರ ಹಸ್ತಾಕ್ಷರಕ್ಕೆ ಐದು ರೂಪಾಯಿ ದರ. ಬಂದ ಉಡುಗೊರೆ ಅಲ್ಲೇ ಹರಾಜು! ಸುಂಟಿಕೊಪ್ಪದ ಬಳಿ ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟಕ್ಕೆ ಬಂದಾಗ, ಅಲ್ಲಿನ ಮ್ಯಾನೇಜರರ ಹೆಂಡತಿ, ಕಥೆಗಾರ್ತಿ ಕೊಡಗಿನ ಗೌರಮ್ಮ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕೂತರು. ಗಾಂಧೀಜಿ ಹೋದರು. ಗೌರಮ್ಮ ಮಾಂಗಲ್ಯ, ಓಲೆ, ಮೂಗುತಿ ಇಟ್ಟುಕೊಂಡು ಉಳಿದ ಒಡವೆಯನ್ನೆಲ್ಲ ನಿಧಿಗೆ ಒಪ್ಪಿಸಿದರು. ಕೊಡುವವರೇ ಹಟ ಹಿಡಿದು ಕರೆಸಿಕೊಳ್ಳಬೇಕಾದರೆ ಕೇಳುವವರ ನಡತೆ ಎಷ್ಟು ನಿಚ್ಚಳವಾಗಿರಬೇಕು ನೋಡಿ.

2. ಮುಲಾಜಿನ ದುಡ್ಡು ಬೇಡ.
ಅದೇ ಪ್ರವಾಸದಲ್ಲಿ, ಮಲಬಾರಿನ ವಡಕರದಲ್ಲಿ ಕೌಮುದಿ ಎಂಬ ಹುಡುಗಿ ಬಳೆ, ಸರ ಬಿಚ್ಚಿ ಕೊಟ್ಟಾಗ, ಮನೆಯವರ ಒಪ್ಪಿಗೆ ಇದೆಯೇ ಎಂದು ಗಾಂಧೀಜಿ ವಿಚಾರಿಸಿಕೊಂಡರು. ಮೇಲಧಿಕಾರಿ ಹೇಳಿದರೆಂದು ಸಿಬ್ಬಂದಿಯ ಸಂಬಳದಲ್ಲಿ ಮುರಿದುಕೊಂಡ ದೇಣಿಗೆ ಮರುವರ್ಷ ಬರುವುದಿಲ್ಲ.

3. ಯಾರ ಹೆಸರಲ್ಲಿ ಎತ್ತುತ್ತೀರೋ ಅವರು ಸಭೆಯಲ್ಲಿ ಕೂತಿರಲಿ.
ಇದೊಂದು ತಪ್ಪಿದರೆ ಉಳಿದದ್ದೆಲ್ಲ ಬರೀ ಧರ್ಮದ ದುಡ್ಡು. 1932ರಲ್ಲಿ, ಮುಂದೆ ಹರಿಜನ ಸೇವಕ ಸಂಘವಾದ ಸಂಸ್ಥೆ ಹುಟ್ಟಿದಾಗ, ಅಂಬೇಡ್ಕರ್ ಅದರ ಕೇಂದ್ರ ಮಂಡಳಿಯಲ್ಲಿದ್ದರು. ನವೆಂಬರಿನಲ್ಲಿ ಲಂಡನ್ನಿಗೆ ಹೊರಟ ಹಡಗಿನಿಂದಲೇ ಕಾರ್ಯದರ್ಶಿ ಠಕ್ಕರ್ ಬಾಪಾ ಅವರಿಗೆ ಉದ್ದನೆಯ ಕಾಗದ ಬರೆದರು: ಮೊದಲು ದಲಿತರಿಗೆ ಬಾವಿ, ಶಾಲೆಗಳಲ್ಲಿ ಹಕ್ಕು ಕೊಡಿಸಿ; ಕೆಲಸಕ್ಕೆ ಆ ಸಮುದಾಯದವರನ್ನೇ ತೆಗೆದುಕೊಳ್ಳಿ. ಕಾಗದ ತಲುಪಿತೆಂಬ ಮಾತೂ ಬರಲಿಲ್ಲವೆಂದು ಅವರೇ ಮುಂದೆ ಬರೆದರು. ಸಂಘದ ಕೆಲಸ ಸವರ್ಣೀಯರ ಪ್ರಾಯಶ್ಚಿತ್ತ, ಹೊಣೆಯೂ ಅವರದೇ ಎಂಬುದು ಗಾಂಧೀಜಿಯ ವಾದ. ಒಡವೆ ಬಿಚ್ಚಿಸುವ ಕಲೆಯನ್ನು ಗಾಂಧೀಜಿಯಿಂದ ಕಲಿಯಿರಿ. ಆ ಹಣ ಎಲ್ಲಿಗೆ ಹೋಗಬೇಕೆಂದು ಯಾರು ಹೇಳಬೇಕು ಎಂಬುದನ್ನು ಅಂಬೇಡ್ಕರರಿಂದ. ನಿಮ್ಮ ಟ್ರಸ್ಟಿನಲ್ಲಿ ಹಾಡಿಯ ಒಬ್ಬರನ್ನು ಹೆಸರಿಗೆ ಕೂರಿಸಿ ಬೆರಳಚ್ಚು ತೆಗೆದುಕೊಂಡರೆ ಸಾಲದು. ಚೆಕ್ಕಿಗೆ ಅವರ ಸಹಿಯೂ ಬೇಕೆಂಬ ನಿಯಮ ಮಾಡಿ.

4. ಕಾಲ ನೋಡಿ ಹೋಗಿ.
ಜಡಿಮಳೆಯಲ್ಲಿ ಬೇಡ. ಕುಯಿಲಿನ ಕಾಲದಲ್ಲಿ ಸಾಹುಕಾರರ ಕಣ್ಣೆಲ್ಲ ಕಣದ ಮೇಲೆ. ಕಾಫಿ ಮಾರಿ ದುಡ್ಡು ಕೈಸೇರುವ ಹೊತ್ತಿಗೆ ಮಾರ್ಚ್ ಬರುತ್ತದೆ. ತೆರಿಗೆ ಲೆಕ್ಕವೂ ಆಗಲೇ.

5. ದಾನಿಯೇ ಧಣಿಯಾಗಿದ್ದರೆ ಬಾಯಿ ಕಟ್ಟಿಕೊಳ್ಳಬೇಡಿ.
ಕೊಡಗಿನಲ್ಲಿ ಇದು ದಿನನಿತ್ಯದ ಇಕ್ಕಟ್ಟು. ಹಾಡಿಯ ಮಕ್ಕಳ ವಿದ್ಯಾರ್ಥಿವೇತನಕ್ಕೆ ಚೆಕ್ ಬರೆಯುವವರ ತೋಟದ ಲೈನ್‌ಮನೆಯಲ್ಲೇ ಆ ಮಕ್ಕಳ ಅಪ್ಪ ಅಮ್ಮ ಇರಬಹುದು. ಚೆಕ್ ತೆಗೆದುಕೊಳ್ಳಿ. ಲೈನಿಗೆ ನೀರು, ಶೌಚಾಲಯ ಆಗಿದೆಯೇ ಎಂದೂ ಕೇಳಿ. ಇಷ್ಟು ಕೇಳಿದ್ದಕ್ಕೆ ಮುನಿಸಿಕೊಳ್ಳುವ ದಾನಿ ನಾಳೆ ನಿಮ್ಮ ವರದಿಯನ್ನೂ ತಿದ್ದಲು ಬರುತ್ತಾರೆ.

6. ಫೋಟೋಗೆ ಸಿಗದ ಕೆಲಸಕ್ಕೂ ಹಣ ಕೇಳಿ.
2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಎಲ್ಲೆಲ್ಲಿಂದಲೋ ನೆರವು ಹರಿದು ಬಂತು. ಆದರೆ ಲೈನ್‌ಮನೆಯವರ ಹೆಸರಲ್ಲಿ ಪಹಣಿ ಇರುವುದಿಲ್ಲ; ಕಳೆದುಕೊಂಡದ್ದನ್ನು ತೋರಿಸಲು ಅವರಲ್ಲಿ ಕಾಗದವೇ ಇಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತಾಗಲೂ ಎದ್ದದ್ದು ಕಾಲೂರಲು ಜಾಗ ಎಲ್ಲಿ ಎಂಬ ಪ್ರಶ್ನೆಯೇ. ಅಲ್ಲಿನವರಿಗೆ ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಸಿಕ್ಕಿತು. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡ್, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವ ಹುಡುಗನ ಬಸ್ ಚಾರ್ಜಿಗೆ ದಾನಿ ಸಿಗುವುದು ಕಷ್ಟ. ಅದನ್ನು ಒಪ್ಪಿಸಬಲ್ಲವರೇ ಈ ವೃತ್ತಿಯಲ್ಲಿ ಪಳಗಿದವರು.

7. ಕಾಗದಪತ್ರ ಗಟ್ಟಿ ಇರಲಿ, ಸಂಬಳ ಕೇಳಲು ನಾಚಿಕೆ ಬೇಡ.
ಕಂಪನಿ ಕಾಯ್ದೆಯ ಸೆಕ್ಷನ್ 135ರಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ (ಸಿಎಸ್ಆರ್) ಖರ್ಚು ಮಾಡಬೇಕು; ಅದಕ್ಕೆ ಕೈಯೊಡ್ಡುವ ಸಂಸ್ಥೆ 2021ರಿಂದ ಸಿಎಸ್ಆರ್-1 ನೋಂದಣಿ ಮಾಡಿಸಿರಬೇಕು. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, 2020ರ ತಿದ್ದುಪಡಿಗೆ ಮುಂಚೆ ಶೇ. 50 ಇತ್ತು. ಹಾಗೆಂದು ಪುಕ್ಕಟೆ ದುಡಿಯುವುದು ದೊಡ್ಡಸ್ತಿಕೆಯಲ್ಲ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳು ಶಾಲೆಗೆ ಬರಲೆಂದು ಅವರ ಕೈಗೆ ಕಾಸು ಕೊಟ್ಟರು, ಏಕೆಂದರೆ ಬಡವರಿಗೆ ಪುಕ್ಕಟೆ ಸಮಯ ಇರುವುದಿಲ್ಲ. ನಿಮ್ಮ ಸಂಸ್ಥೆ ಸಂಬಳವಿಲ್ಲದೆ ನಡೆದರೆ ತೋಟವಿದ್ದವರಷ್ಟೇ ಅದರ ಮುಖ್ಯಸ್ಥರಾಗುತ್ತಾರೆ. ಪಿಯುಸಿ ಮುಗಿಸಿದ ಯರವ ಹುಡುಗಿಯೊಬ್ಬಳನ್ನು ಸಂಚಾಲಕಿಯಾಗಿ ತೆಗೆದುಕೊಳ್ಳಬೇಕಾದರೆ ತಿಂಗಳ ಮೊದಲ ವಾರ ಅವಳ ಖಾತೆಗೆ ದುಡ್ಡು ಬೀಳಬೇಕು. ಮುಂದಿನ ಅರ್ಜಿಯ ಬಜೆಟ್ಟಿನಲ್ಲಿ ಆ ಸಂಬಳದ ಸಾಲನ್ನೇ ಮೊದಲು ಬರೆಯಿರಿ.