ಗುಂಡಮ್ಮನ ಮನೆಯಿಂದ ಗಾಡ್‌ಫ್ರೆ ಮನೆಗೆ: ಹಳೆಯ ಹಾಲಿವುಡ್ ಪ್ರೇಮ–ನಗೆಚಿತ್ರ ನೋಡುವ ಬಗೆ

ದೇವನಕೊಂಡ, ಆಸ್ಪರಿ, ಆಲೂರು, ಆದೋನಿ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಅಂಗಡಿಯ ಮಾತು ತೆಲುಗು, ಟಿವಿಯಲ್ಲಿ ಎರಡೂ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವಲ್ಲ! ಎರಡು ಭಾಷೆಯ ಸಿನಿಮಾ ನೋಡಿ ಬೆಳೆದ ಈ ಜನಕ್ಕೆ ಇಂಗ್ಲಿಷ್ ಸಿನಿಮಾ ಅಂದರೆ ಮಾತ್ರ ಡೈನೋಸಾರ್, ಮುಳುಗುವ ಹಡಗು, ಬಾಂಬು. 1930–40ರ ದಶಕಗಳಲ್ಲಿ ಹಾಲಿವುಡ್ ತೆಗೆದ ಪ್ರೇಮ–ನಗೆಚಿತ್ರಗಳ ಹೆಸರೆತ್ತಿದರೆ ‘ಬ್ಲ್ಯಾಕ್ ಅಂಡ್ ವೈಟು, ಅರ್ಥ ಆಗಂಗಿಲ್ಲ ಬಿಡ್ರಿ’ ಎಂದು ಮಾತು ಮುಗಿಸಿಬಿಡುತ್ತಾರೆ.

ಅರ್ಥವಾಗುತ್ತವೆ. ಕಥೆಯ ಗಂಟು ಮೊದಲೇ ಗೊತ್ತಿರುವ ಸಿನಿಮಾದಿಂದ ಶುರು ಮಾಡಬೇಕು, ಅಷ್ಟೆ. ನಮ್ಮ ಕನ್ನಡ, ತೆಲುಗು ಚಿತ್ರಗಳಿಗೆ ಅಲ್ಲಿ ನೆಂಟರಿದ್ದಾರೆ. ಆ ನೆಂಟಸ್ತನ ಹಿಡಿದು ಹೋದರೆ ಇಂಗ್ಲಿಷಿನ ಭಯ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಹೆಜ್ಜೆ: ಜೋಡಿ ಹುಡುಕಿ

‘ಗುಂಡಮ್ಮ ಕಥ’ (1962) ನೋಡದವರು ಈ ಸೀಮೆಯಲ್ಲಿ ಕಡಿಮೆ. ವಿಠಲಾಚಾರ್ಯರ ಕನ್ನಡ ಚಿತ್ರ ‘ಮನೆ ತುಂಬಿದ ಹೆಣ್ಣು’ (1958) ಅದಕ್ಕೆ ಮೂಲ ಎಂಬುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ. ಶ್ರೀಮಂತನ ಮಗ ಎನ್‌ಟಿಆರ್ ಆಳಿನ ವೇಷದಲ್ಲಿ ಗುಂಡಮ್ಮನ ಮನೆ ಸೇರಿ, ಮೊಣಕಾಲಿನ ಚಡ್ಡಿ ಹಾಕಿಕೊಂಡು, ಸಾವಿತ್ರಿಯ ಜೊತೆ ರುಬ್ಬುಗುಂಡು ತಿರುಗಿಸುತ್ತಾ ಹಾಡುವ ದೃಶ್ಯ ಇವತ್ತಿಗೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಕೈ ಬರುವುದಿಲ್ಲ.

ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದದ್ದು ‘ಮೈ ಮ್ಯಾನ್ ಗಾಡ್‌ಫ್ರೆ’ (1936). ಆರ್ಥಿಕ ಕುಸಿತದ ಕಾಲದ ನ್ಯೂಯಾರ್ಕ್. ಹಣವಂತರು ಒಂದು ಆಟ ಕಟ್ಟಿದ್ದಾರೆ: ಊರಿನ ಕಸದ ಗುಡ್ಡೆಗೆ ಹೋಗಿ ಯಾರಿಗೂ ಬೇಡವಾದ ಒಬ್ಬ ಮನುಷ್ಯನನ್ನು ಹಿಡಿದು ತರಬೇಕು. ಹಾಗೆ ಬಂದ ಗಾಡ್‌ಫ್ರೆ ತನ್ನನ್ನು ಕರೆತಂದವರ ಮನೆಯ ಬಟ್ಲರ್ ಆಗುತ್ತಾನೆ. ಹುಚ್ಚು ಮನೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಪ್ರೀತಿ, ಇನ್ನೊಬ್ಬಳಿಗೆ ಹಗೆ. ಆಳು ನಿಜಕ್ಕೂ ದೊಡ್ಡ ಮನೆತನದವನು ಎಂಬುದು ಆಮೇಲೆ ತಿಳಿಯುತ್ತದೆ. ನಕಲಲ್ಲ, ಆದರೆ ಗಂಟು ಒಂದೇ. ನಾಯಕ ವಿಲಿಯಂ ಪೋವೆಲ್, ನಾಯಕಿ ಕರೋಲ್ ಲೊಂಬಾರ್ಡ್. ಇಬ್ಬರೂ ನಿಜಜೀವನದಲ್ಲಿ ಮದುವೆಯಾಗಿ, 1933ರಲ್ಲಿ ವಿಚ್ಛೇದನವನ್ನೂ ಪಡೆದು, ಮೂರು ವರ್ಷದ ನಂತರ ಇಲ್ಲಿ ಹೊಸದಾಗಿ ಪ್ರೀತಿಸಿದ್ದಾರೆ!

ಎರಡನೆಯ ಜೋಡಿ ನನಗೆ ಇನ್ನೂ ಇಷ್ಟ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990). ಅನಂತನಾಗ್ ವಠಾರದಲ್ಲಿ ಯಾರ ಜೊತೆ ಸದಾ ಜಗಳ ಆಡುತ್ತಾನೋ ಆಕೆಗೇ, ಗೊತ್ತಿಲ್ಲದೆ, ಪ್ರೇಮಪತ್ರ ಬರೆಯುತ್ತಿರುತ್ತಾನೆ. ಇದೇ ಗಂಟಿನ ಮೇಲೆ ಅರ್ನ್‌ಸ್ಟ್ ಲುಬಿಟ್ಷ್ 1940ರಲ್ಲಿ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಮಾಡಿದ್ದ. ಬುಡಾಪೆಸ್ಟಿನ ಒಂದು ಚರ್ಮದ ಸಾಮಾನಿನ ಅಂಗಡಿ; ಅಲ್ಲಿನ ಇಬ್ಬರು ನೌಕರರು, ಜೇಮ್ಸ್ ಸ್ಟೀವರ್ಟ್ ಮತ್ತು ಮಾರ್ಗರೆಟ್ ಸಲ್ಲವನ್, ಹಗಲೆಲ್ಲಾ ಕಚ್ಚಾಡುತ್ತಾರೆ, ರಾತ್ರಿ ಪರಸ್ಪರ ಕಾಗದ ಬರೆಯುತ್ತಾರೆ. ಅಂಚೆಕಚೇರಿಯ 237ನೇ ಪೆಟ್ಟಿಗೆಯ ದೃಶ್ಯವನ್ನು ಗಮನವಿಟ್ಟು ನೋಡಿ. ಕ್ಯಾಮೆರಾ ಪೆಟ್ಟಿಗೆಗಳ ಹಿಂದಿದೆ. ಕೈಗವಸು ತೊಟ್ಟ ಕೈಯೊಂದು ಒಳಗೆ ಬಂದು ಖಾಲಿ ಜಾಗದಲ್ಲಿ ತಡಕಾಡುತ್ತದೆ, ಹಿಂದೆ ಸರಿಯುತ್ತದೆ, ಆಮೇಲೆ ಆ ಸಂದಿಯಲ್ಲಿ ಅವಳ ಮುಖ. ಒಂದು ಮಾತೂ ಇಲ್ಲ. ನಗೆಚಿತ್ರದ ನಡುವೆ ಹೊಟ್ಟೆ ಕಿವುಚುತ್ತದೆ. ಇದೇ ಕಥೆ ಮುಂದೆ ಇ–ಮೇಲ್ ಕಾಲಕ್ಕೆ ‘ಯೂ ಹ್ಯಾವ್ ಗಾಟ್ ಮೇಲ್’ (1998) ಆಯಿತು. ಅದು ಹೆಚ್ಚು ಪ್ರಸಿದ್ಧ, ಇದು ಹೆಚ್ಚು ಒಳ್ಳೆಯದು.

ಉಳಿದವನ್ನು ಬೇಗ ಹೇಳುತ್ತೇನೆ. ಕೆಲಸಕ್ಕಾಗಿ ಗಂಡ–ಹೆಂಡತಿಯ ನಾಟಕ ಆಡುವ ‘ಮಿಸ್ಸಮ್ಮ’ (1955) ಮೆಚ್ಚಿದವರಿಗೆ ‘ಕ್ರಿಸ್‌ಮಸ್ ಇನ್ ಕನೆಕ್ಟಿಕಟ್’ (1945): ಒಲೆ ಹಚ್ಚಲೂ ಬಾರದ ಪತ್ರಕರ್ತೆ ತಾನು ಹಳ್ಳಿಯ ಗೃಹಿಣಿ ಎಂದು ಬರೆದು ಹೆಸರು ಮಾಡಿದ್ದಾಳೆ, ಈಗ ಮನೆಗೆ ಅತಿಥಿ ಬರುತ್ತಾನೆ, ಗಂಡ, ಮಗು, ಮನೆ ಎಲ್ಲವನ್ನೂ ಎರವಲು ತರಬೇಕು. ಕಿಶೋರ್ ಕುಮಾರ್‌ನ ‘ಹಾಫ್ ಟಿಕೆಟ್’ (1962) ನೆನಪಿದ್ದವರಿಗೆ ಅದರ ಅಜ್ಜನಂಥ ‘ದಿ ಮೇಜರ್ ಅಂಡ್ ದಿ ಮೈನರ್’ (1942): ರೈಲಿನ ಪೂರ್ತಿ ಚಾರ್ಜಿಗೆ ದುಡ್ಡಿಲ್ಲದೆ ಜಿಂಜರ್ ರೋಜರ್ಸ್ ಹನ್ನೆರಡರ ಹುಡುಗಿಯ ವೇಷ ಹಾಕುತ್ತಾಳೆ. ಬಿಲ್ಲಿ ವೈಲ್ಡರ್ ಹಾಲಿವುಡ್‌ನಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದು. ವಠಾರದ ಬಾಡಿಗೆ ಜಗಳಗಳು ರುಚಿಸುವವರು ‘ದಿ ಮೋರ್ ದಿ ಮೆರಿಯರ್’ (1943) ಹಾಕಿಕೊಳ್ಳಲಿ.

ಎರಡನೆಯ ಹೆಜ್ಜೆ: ಪ್ರತಿ ಎಲ್ಲಿಂದ?

‘ಮೈ ಮ್ಯಾನ್ ಗಾಡ್‌ಫ್ರೆ’, ‘ಹಿಸ್ ಗರ್ಲ್ ಫ್ರೈಡೇ’ (1940), ‘ನಥಿಂಗ್ ಸೇಕ್ರೆಡ್’ (1937): ಇವುಗಳ ಹಕ್ಕುಸ್ವಾಮ್ಯವನ್ನು ಅಮೆರಿಕದಲ್ಲಿ ನವೀಕರಿಸಲಿಲ್ಲ. ‘ಶರೇಡ್’ (1963) ಚಿತ್ರದ ಮೇಲೆ ಆಗಿನ ಕಾನೂನು ಕೇಳುವ ಹಕ್ಕುಸ್ವಾಮ್ಯದ ಸೂಚನೆಯನ್ನೇ ಸರಿಯಾಗಿ ಹಾಕಿರಲಿಲ್ಲ. ಹಾಗಾಗಿ ಇವು ಇಂಟರ್ನೆಟ್ ಆರ್ಕೈವ್, ಯೂಟ್ಯೂಬ್‌ಗಳಲ್ಲಿ ಧಾರಾಳವಾಗಿ, ಕದ್ದ ಮಾಲಲ್ಲದೆ ಸಿಗುತ್ತವೆ. ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಅಂದರೆ 1962ರ ಚಿತ್ರದ ಅವಧಿ 2022ರ ಕೊನೆಗೆ ಮುಗಿಯಿತು. ಹಾಡು, ಸಾಹಿತ್ಯದ ಹಕ್ಕು ಬೇರೆ ಇರುತ್ತದೆ, ಆದ್ದರಿಂದ ಮನೆಯಲ್ಲಿ ನೋಡುವುದಕ್ಕೂ ಊರಿಗೆ ತೋರಿಸಿ ಟಿಕೆಟ್ ಹರಿಯುವುದಕ್ಕೂ ವ್ಯತ್ಯಾಸವಿದೆ.

ಹಕ್ಕಿಲ್ಲದ ಚಿತ್ರಗಳ ಒಂದು ತೊಂದರೆ: ಕಳಪೆ ಪ್ರತಿಗಳದೇ ಸಂತೆ. ಮೊದಲು ಕಂಡದ್ದನ್ನು ಇಳಿಸಬೇಡಿ. ಐದು ನಿಮಿಷ ನೋಡಿ. ಮುಖದ ಮೇಲೆ ಬೆಳಕು ಬಿಳಿಚಿಕೊಂಡು ಕಣ್ಣು–ಮೂಗು ಕಾಣದಿದ್ದರೆ, ಮಾತಿನ ಹಿಂದೆ ಎಣ್ಣೆ ಕುದಿಯುವ ಸದ್ದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗಿ. ಆಮೇಲೆ ಬಣ್ಣ ಬಳಿದ ಪ್ರತಿಗಳು. ಅವನ್ನು ಮುಟ್ಟಲೇಬೇಡಿ.

ಊರಲ್ಲಿ ಸಿಗ್ನಲ್ ಆಟ ಆಡುತ್ತಿದ್ದರೆ ಆದೋನಿಗೋ ಪತ್ತಿಕೊಂಡಕ್ಕೋ ಹೋದಾಗ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಎಂಪಿ4 ಕಡತವಾದರೆ ಬಹುತೇಕ ಟಿವಿಗಳು ಓದುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಬಗೆಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಡಿವಿಡಿ ತರಲು ಹೇಳುವ ಮುನ್ನ ಇದು ತಿಳಿದಿರಲಿ: ಡಿವಿಡಿಗೆ ಅಲ್ಲಿ ರೀಜನ್ 1, ಇಲ್ಲಿ ರೀಜನ್ 5. ಬ್ಲೂ–ರೇಗೆ ಅಲ್ಲಿ ಎ, ಇಲ್ಲಿ ಸಿ. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಆ ಡಿಸ್ಕ್ ಷೋಕೇಸಿಗೇ ಸರಿ.

ಅಟ್ಟದ ಮೇಲಿನ ವಿಸಿಡಿ

‘ಮಿಸ್ಸಮ್ಮ’, ‘ಗಣೇಶನ ಮದುವೆ’ಗಳ ವಿಸಿಡಿ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ, ಪ್ಲೇಯರ್ ಮಾತ್ರ ಗುಜರಿಗೆ ಹೋಗಿದೆ. ಡಿಸ್ಕ್ ಎಸೆಯಬೇಡಿ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್ ಸಾಕು.

ಮೊದಲು ಡಿಸ್ಕ್ ತೊಳೆಯಿರಿ. ಒಂದು ಹನಿ ಸೋಪಿನ ನೀರು, ಹಳೆಯ ಹತ್ತಿ ಪಂಚೆಯ ತುಂಡು. ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಮಾಹಿತಿ ಸುರುಳಿಯಾಗಿ ಬರೆದಿರುವುದರಿಂದ ಅಡ್ಡ ಗೀರು ಬಿದ್ದರೆ ಚೂರುಚೂರು ಹೋಗುತ್ತದೆ, ಓದುವ ಯಂತ್ರ ಸಂಭಾಳಿಸುತ್ತದೆ. ಸುತ್ತು ಗೀರು ಬಿದ್ದರೆ ಒಂದು ದೃಶ್ಯವೇ ಹೋದೀತು.

ಆಮೇಲೆ ಡಿಸ್ಕ್ ತೆರೆದು ‘ಎಂಪಿಇಜಿಎವಿ’ ಎಂಬ ಫೋಲ್ಡರ್ ಹುಡುಕಿ. ಒಳಗಿರುವ ‘ಡಿಎಟಿ’ ಕಡತವೇ ಸಿನಿಮಾ. ಅದನ್ನು ಕಂಪ್ಯೂಟರ್‌ಗೆ ನಕಲು ಮಾಡಿ, ಹೆಸರಿನ ಬಾಲ ‘ಡಿಎಟಿ’ ತೆಗೆದು ‘ಎಂಪಿಜಿ’ ಎಂದು ಬದಲಿಸಿದರೆ ಬಹಳಷ್ಟು ಟಿವಿಗಳು ಆಡಿಸುತ್ತವೆ. ಆಡದಿದ್ದರೆ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಎಂಪಿ4ಕ್ಕೆ ಪರಿವರ್ತಿಸಿ. ಒಂದು ಚಿತ್ರಕ್ಕೆ ಎರಡೋ ಮೂರೋ ಡಿಸ್ಕ್ ಇರುತ್ತವೆ, ಕ್ರಮವಾಗಿ 1, 2, 3 ಎಂದು ಹೆಸರಿಡಿ. ವಿಸಿಡಿಯ ಚಿತ್ರದ ಅಳತೆ ಬರೀ 352 ಅಡ್ಡ 288 ಚುಕ್ಕಿ. 43 ಇಂಚಿನ ಟಿವಿಯಲ್ಲಿ ಮಸುಕೇ. ನಾಲ್ಕು ಹೆಜ್ಜೆ ಹಿಂದೆ ಕೂರುವುದೊಂದೇ ಉಪಾಯ.

ಟಿವಿ ಸರಿಮಾಡಿಕೊಳ್ಳಿ

ಪರದೆಯ ಅಳತೆ ಮೊದಲು. 1953ರ ಸುಮಾರಿಗೆ ಅಗಲ ಪರದೆ ಬರುವ ತನಕ ಸಿನಿಮಾಗಳು ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರದಲ್ಲೇ ಇದ್ದವು. ಟಿವಿ ಪೂರ್ತಿ ತುಂಬಲಿ ಎಂದು ‘ಫುಲ್’ ಅಥವಾ ‘ವೈಡ್’ ಒತ್ತಿದರೆ ಲೊಂಬಾರ್ಡ್‌ಳ ಮುಖ ತಟ್ಟಿದ ಜೋಳದ ರೊಟ್ಟಿಯಂತೆ ಅಗಲವಾಗುತ್ತದೆ. ರಿಮೋಟಿನಲ್ಲಿ ‘4:3’ ಇಲ್ಲವೇ ‘ಒರಿಜಿನಲ್’ ಆರಿಸಿ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದರ್ಥ. ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿಬಿಡಿ, ಇಲ್ಲದಿದ್ದರೆ 1936ರ ಚಿತ್ರ ನಿನ್ನೆಯ ಧಾರಾವಾಹಿಯಂತೆ ಕಾಣುತ್ತದೆ. ಕಲರ್ ಟೋನ್ ‘ವಾರ್ಮ್’ ಇರಲಿ.

ಮಾತು ಹಿಡಿಯಲು

ಈ ಚಿತ್ರಗಳ ಜೀವ ಇರುವುದು ಮಾತಿನಲ್ಲಿ, ಮಾತೋ ಓಡುತ್ತದೆ. ಇಂಗ್ಲಿಷ್ ಓದಬಲ್ಲವರು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಸಬ್‌ಟೈಟಲ್ ಕಡತಕ್ಕೂ ಸಿನಿಮಾ ಕಡತಕ್ಕೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಇಟ್ಟರೆ ತಾನಾಗಿ ಬರುತ್ತದೆ. ಕಂಪ್ಯೂಟರ್‌ನ ವಿಎಲ್‌ಸಿಯಲ್ಲಿ ಅಕ್ಷರ ಮಾತಿಗಿಂತ ಹಿಂದೆ ಬಿದ್ದರೆ ‘ಜಿ’, ಮುಂದೆ ಓಡಿದರೆ ‘ಎಚ್’ ಒತ್ತಿ ಸರಿಮಾಡಬಹುದು. ಯೂಟ್ಯೂಬ್‌ನಲ್ಲಿ ಕನ್ನಡಕ್ಕೆ ತಾನೇ ಅನುವಾದಿಸುವ ಸೌಲಭ್ಯವಿದೆ, ಆದರೆ ಅದರ ಅನುವಾದ ಚಿತ್ರಕ್ಕಿಂತ ಹೆಚ್ಚು ನಗಿಸುತ್ತದೆ. ಕಥೆಯ ಎಳೆ ಹಿಡಿಯಲಷ್ಟೇ ಬಳಸಿ.

ಮನೆಯ ಹಿರಿಯರ ಜೊತೆ ನೋಡುವಾಗ ಯಂತ್ರದ ಅನುವಾದಕ್ಕಿಂತ ಮನೆಯ ಕಾಲೇಜು ಹುಡುಗಿಯೇ ಮೇಲು. ಮೊದಲು ಎರಡು ಮಾತಲ್ಲಿ ಕಥೆ ಹೇಳಲಿ, ‘ಗುಂಡಮ್ಮನ ಮನಿ ಆಳು ಇದ್ದಂಗ’ ಎಂದು ಗುರುತು ಕೊಡಲಿ, ಆಮೇಲೆ ಪ್ರತಿ ದೃಶ್ಯಕ್ಕೆ ಒಂದು ಸಾಲು ಸಾಕು. ಎಲ್ಲ ಮಾತನ್ನೂ ಅನುವಾದಿಸಲು ಹೊರಟರೆ ನಗು ಸಾಯುತ್ತದೆ. ಇವು ಹೆಚ್ಚಾಗಿ ಒಂದೂವರೆ ಗಂಟೆಯ ಆಸುಪಾಸಿನ ಚಿತ್ರಗಳು. ಊಟ ಮುಗಿಸಿ ಕೂತರೆ ಮಲಗುವ ಹೊತ್ತಿಗೆ ಮುಗಿಯುತ್ತವೆ.

‘ಹಿಸ್ ಗರ್ಲ್ ಫ್ರೈಡೇ’ಯಿಂದ ಮಾತ್ರ ಶುರು ಮಾಡಬೇಡಿ. ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರು ಬಾಯಿ ಹಾಕಬೇಕೆಂದೇ ನಿರ್ದೇಶಕ ಹೋವರ್ಡ್ ಹಾಕ್ಸ್ ಅದನ್ನು ತೆಗೆದಿದ್ದಾನೆ. ಇಂಗ್ಲಿಷ್ ಬಲ್ಲವರಿಗೂ ಉಸಿರು ಕಟ್ಟುತ್ತದೆ. ಮೊದಲು ಗಾಡ್‌ಫ್ರೆ, ಆಮೇಲೆ ಲುಬಿಟ್ಷ್‌ನ ಅಂಗಡಿ. ಇವೆರಡೂ ಹಿಡಿಸದಿದ್ದರೆ ಹಳೆಯ ಹಾಲಿವುಡ್ ನಿಮಗಲ್ಲ, ಸುಮ್ಮನೆ ‘ಮಿಸ್ಸಮ್ಮ’ವನ್ನೇ ಇನ್ನೊಮ್ಮೆ ನೋಡಿ. ಅದೇನು ಕಡಿಮೆಯದಲ್ಲ.